ಇರುವೆ ಗೆದ್ದ ವ್ಯಾಜ್ಯ

ಆಂಟಿಗುವಾ–ಬಾರ್ಬುಡಾ ಕೆರಿಬಿಯನ್ ಕಡಲಿನ ಪುಟ್ಟ ದ್ವೀಪರಾಷ್ಟ್ರ. ಅಲ್ಲಿಂದ ಅಂತರ್ಜಾಲದಲ್ಲಿ ಅಮೆರಿಕನ್ನರ ಪಣ ಕಟ್ಟಿಸಿಕೊಂಡ ಜೇ ಕೋಹೆನ್‌ಗೆ ಅಮೆರಿಕದ ನ್ಯಾಯಾಲಯ 2000ರಲ್ಲಿ ಸೆರೆವಾಸ ವಿಧಿಸಿತು. ಅದಕ್ಕೆ ಆಧಾರ, ತಂತಿಯ ಮೂಲಕ ಗಡಿಯಾಚೆಯ ಪಣ ಸ್ವೀಕರಿಸುವ ದಂಧೆಯನ್ನು ನಿಷೇಧಿಸಿದ 1961ರ ಕಾಯಿದೆ.

2003ರಲ್ಲಿ ದ್ವೀಪವು ವಿಶ್ವ ವ್ಯಾಪಾರ ಸಂಸ್ಥೆಯ ಮೊರೆಹೊಕ್ಕಿತು. ನಿಷೇಧ ಸಾರ್ವಜನಿಕ ನೀತಿಯ ರಕ್ಷಣೆಗೆಂದು ಅಮೆರಿಕದ ವಾದ. 2005ರಲ್ಲಿ ಮೇಲ್ಮನವಿ ಪೀಠ ಆ ಉದ್ದೇಶವನ್ನು ಒಪ್ಪಿತಾದರೂ, ಕುದುರೆ ಜೂಜಿನಲ್ಲಿ ಸ್ವದೇಶಿಗೂ ಪರದೇಶಿಗೂ ನಿಷೇಧ ಸಮವೆಂಬುದನ್ನು ಅಮೆರಿಕ ತೋರಿಸಿಲ್ಲವೆಂದಿತು. ಅಮೆರಿಕ ಕಾಯಿದೆ ತಿದ್ದಲಿಲ್ಲ. 2007ರಲ್ಲಿ ತನ್ನ ಒಪ್ಪಂದದಿಂದ ಜೂಜನ್ನೇ ಹೊರಗಿಡುವುದಾಗಿ ಸಾರಿತು. ಅದೇ ವರ್ಷ ಮಧ್ಯಸ್ಥರು ದ್ವೀಪದ ನಷ್ಟವನ್ನು ವರ್ಷಕ್ಕೆ 2.1 ಕೋಟಿ ಡಾಲರೆಂದು ಎಣಿಸಿದರು.

ಜೂಜನ್ನು ನಾನು ಹೊಗಳಲಾರೆ. ಆದರೆ ಧರ್ಮರಾಯ ಸೋತಾಗ ಮಾತಿಗೆ ಕಟ್ಟುಬಿದ್ದು ಕಾಡಿಗೆ ನಡೆದ. ಪ್ರಬಲರು ಸೋತರೆ ಆಟದ ನಿಯಮವೇ ಬದಲಾಗುತ್ತದೆ.