ವಿಶ್ವ ನೈನ್‌ಬಾಲ್ ಪೂಲ್ ಚಾಂಪಿಯನ್‌ಷಿಪ್

ವೃತ್ತಿಪರ ಪೂಲ್ ಆಟಗಾರರಿಗಾಗಿ 1990ರಿಂದ ನಡೆದುಬಂದಿರುವ ಅಂತರರಾಷ್ಟ್ರೀಯ ಪಂದ್ಯಾವಳಿ. ವಿಶ್ವ ಪೂಲ್-ಬಿಲಿಯರ್ಡ್ ಸಂಸ್ಥೆ (ಡಬ್ಲ್ಯುಪಿಎ) ಇದರ ಮೂಲ ಸ್ಥಾಪಕ. ಪೂಲ್‌ನಲ್ಲಿ ಏಯ್ಟ್‌ಬಾಲ್, ಟೆನ್‌ಬಾಲ್ ಮೊದಲಾದ ಪ್ರಕಾರಗಳಿಗೂ ಬೇರೆ ಬೇರೆ ವಿಶ್ವ ಪ್ರಶಸ್ತಿಗಳಿವೆ. ಆದರೂ ‘ವರ್ಲ್ಡ್ ಪೂಲ್ ಚಾಂಪಿಯನ್’ ಎಂದಾಗ ಆಟಗಾರರ ಮನಸ್ಸಿಗೆ ಬರುವುದು ನೈನ್‌ಬಾಲ್ ಗೆದ್ದವರೇ. ನೈನ್‌ಬಾಲ್ ಅಮೆರಿಕದ ಆಟ. ಅದರ ವಿಶ್ವ ಪಂದ್ಯಾವಳಿ ಮಾತ್ರ ಹಣ ಹೂಡುವವರು ಮತ್ತು ಟಿ.ವಿ.ಯಲ್ಲಿ ತೋರಿಸುವವರು ಸಿಕ್ಕ ಕಡೆಗೆಲ್ಲ ವಲಸೆ ಹೋಗುತ್ತಲೇ ಇದೆ. ಜರ್ಮನಿ, ತೈವಾನ್, ವೇಲ್ಸ್, ಫಿಲಿಪ್ಪೀನ್ಸ್, ಕತಾರ್, ಇಂಗ್ಲೆಂಡ್, ಪೋಲೆಂಡ್ ದಾಟಿ ಅದೀಗ ಸೌದಿ ಅರೇಬಿಯಾದಲ್ಲಿದೆ. ಪುರುಷರ ವಿಭಾಗದ ಪಂದ್ಯಗಳು ಅಮೆರಿಕದ ನೆಲದಲ್ಲಿ ನಡೆದದ್ದು ಮೂರೇ ಸಲ: 1991ರಲ್ಲಿ ಲಾಸ್ ವೇಗಸ್‌ನಲ್ಲಿ, 1994 ಮತ್ತು 1997ರಲ್ಲಿ ಷಿಕಾಗೊದಲ್ಲಿ.

ಆಟದ ರೀತಿ

ಒಂಬತ್ತು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಟೇಬಲ್ ಮೇಲೆ 1ರಿಂದ 9ರವರೆಗಿನ ಚೆಂಡುಗಳನ್ನು ವಜ್ರಾಕಾರದಲ್ಲಿ ಜೋಡಿಸುತ್ತಾರೆ. ಮುಂದಿನ ತುದಿಯಲ್ಲಿ 1, ನಟ್ಟನಡುವೆ 9. ಪ್ರತಿ ಹೊಡೆತದಲ್ಲೂ ಬಿಳಿ ಕ್ಯೂ ಬಾಲ್ ಮೊದಲು ತಗಲಬೇಕಾದದ್ದು ಟೇಬಲ್ ಮೇಲೆ ಉಳಿದಿರುವ ಅತಿ ಕಡಿಮೆ ಸಂಖ್ಯೆಯ ಚೆಂಡಿಗೆ. ಆಮೇಲೆ ಯಾವ ಚೆಂಡು ಪಾಕೆಟ್‌ಗೆ ಬಿದ್ದರೂ ಸರಿ. ನಿಯಮ ಮೀರದೆ 9ನೇ ಚೆಂಡನ್ನು ಬೀಳಿಸಿದವರಿಗೆ ಆ ಸುತ್ತು, ಅಂದರೆ ರ‍್ಯಾಕ್ ಸಲ್ಲುತ್ತದೆ. ಹಿಂದಿನ ಎಂಟನ್ನೂ ಎದುರಾಳಿಯೇ ಬೀಳಿಸಿದ್ದರೂ ಲೆಕ್ಕಕ್ಕಿಲ್ಲ. ಫೌಲ್ ಆದರೆ ಎದುರಾಳಿ ಕ್ಯೂ ಬಾಲನ್ನು ತನಗೆ ಬೇಕಾದಲ್ಲಿ ಇಟ್ಟುಕೊಂಡು ಹೊಡೆಯಬಹುದು. ಒಬ್ಬರೇ ಸತತವಾಗಿ ಮೂರು ಫೌಲ್ ಮಾಡಿದರೆ ರ‍್ಯಾಕ್ ಕೈತಪ್ಪುತ್ತದೆ.

ಸ್ನೂಕರ್ ನೋಡಿ ಬೆಳೆದವರಿಗೆ ಇದು ಸಲೀಸಾದ ಆಟದಂತೆ ಕಾಣುತ್ತದೆ. ಸ್ನೂಕರ್ ಟೇಬಲ್ ಹನ್ನೆರಡು ಅಡಿಯದು, ಅದರ ಚೆಂಡು ಸಣ್ಣದು, ಪಾಕೆಟ್ ಬಿಗಿ. ಪೂಲ್‌ನಲ್ಲಿ ಚೆಂಡು ಬೀಳಿಸುವುದು ಅಷ್ಟು ಕಷ್ಟವಲ್ಲ, ನಿಜ. ಆದರೆ ಚೆಂಡುಗಳನ್ನು ಕ್ರಮವಾಗಿಯೇ ಮುಟ್ಟಬೇಕಾದ್ದರಿಂದ, ಒಂದನ್ನು ಬೀಳಿಸುವಾಗಲೇ ಮುಂದಿನದಕ್ಕೆ ಕ್ಯೂ ಬಾಲ್ ಎಲ್ಲಿ ನಿಲ್ಲಬೇಕೆಂಬುದನ್ನು ಅಂಗೈ ಅಗಲದೊಳಗೆ ಲೆಕ್ಕ ಹಾಕಬೇಕು. ಅದಕ್ಕೂ ಮೊದಲು ಬ್ರೇಕ್ (ಜೋಡಿಸಿದ ಚೆಂಡುಗಳನ್ನು ಚದುರಿಸುವ ಮೊದಲ ಹೊಡೆತ) ಕೈಹಿಡಿಯಬೇಕು. ಒಳ್ಳೆಯ ಬ್ರೇಕ್ ಸಿಕ್ಕಿದವರು ಎದುರಾಳಿಗೆ ಕುರ್ಚಿಯಿಂದ ಏಳುವ ಅವಕಾಶವನ್ನೇ ಕೊಡದೆ ರ‍್ಯಾಕ್ ಮುಗಿಸಿಬಿಡುತ್ತಾರೆ. ಅದೃಷ್ಟಕ್ಕೂ ಇಲ್ಲಿ ಪಾಲಿದೆ. ಪಟ್ಟ ಉಳಿಸಿಕೊಳ್ಳುವುದು ಈ ಪಂದ್ಯಾವಳಿಯಲ್ಲಿ ಅಷ್ಟು ಅಪರೂಪವಾಗಿರುವುದಕ್ಕೆ ಇದೇ ಕಾರಣವೆನ್ನಬೇಕು: ಪುರುಷರಲ್ಲಿ ಸತತ ಎರಡು ವರ್ಷ ಗೆದ್ದವರು ಅಮೆರಿಕದ ಅರ್ಲ್ ಸ್ಟ್ರಿಕ್‌ಲೆಂಡ್ ಒಬ್ಬರೇ, ಅದೂ ಮೊದಲ ಎರಡು ವರ್ಷಗಳಲ್ಲಿ.

ಮೊದಲ ದಶಕ

1990ರಲ್ಲಿ ಮೊದಲ ಪಂದ್ಯಾವಳಿ ನಡೆದದ್ದು ಜರ್ಮನಿಯ ಬೆರ್ಗ್‌ಹೈಮ್ ಎಂಬ ಊರಿನಲ್ಲಿ. ಸ್ಟ್ರಿಕ್‌ಲೆಂಡ್ ಫೈನಲ್‌ನಲ್ಲಿ ತಮ್ಮ ದೇಶದವರೇ ಆದ ಜೆಫ್ ಕಾರ್ಟರ್ ಅವರನ್ನು ಸೋಲಿಸಿದರು. ಮರುವರ್ಷ ಲಾಸ್ ವೇಗಸ್‌ನಲ್ಲಿ ನಿಕ್ ವಾರ್ನರ್ ಅವರನ್ನು. 1992ರಲ್ಲಿ ತೈಪೆಯಲ್ಲಿ ಗೆದ್ದ ಜಾನಿ ಆರ್ಚರ್ ಕೂಡ ಅಮೆರಿಕದವರೇ. ಆಗ ಇದು ಅಮೆರಿಕದವರ ಮನೆಹಬ್ಬವೆಂದು ಯಾರಿಗಾದರೂ ಅನ್ನಿಸಿದ್ದರೆ ತಪ್ಪಿರಲಿಲ್ಲ.

ಆ ಭಾವನೆ ಹೆಚ್ಚು ದಿನ ಉಳಿಯಲಿಲ್ಲ. 1993ರಲ್ಲಿ ಜರ್ಮನಿಯ ಕೋನಿಗ್ಸ್‌ವಿಂಟರ್‌ನಲ್ಲಿ ತೈವಾನಿನ ಚಾವೊ ಫಾಂಗ್-ಪಾಂಗ್ ಗೆದ್ದು, ಅಮೆರಿಕದಾಚೆಯ ಮೊದಲ ಚಾಂಪಿಯನ್ ಆದರು. ಮರುವರ್ಷ ಷಿಕಾಗೊದಲ್ಲಿ ನಡೆದ ಫೈನಲ್ ಇನ್ನೂ ವಿಚಿತ್ರ. ಅಮೆರಿಕದ ಪ್ರೇಕ್ಷಕರ ಮುಂದೆ ಆಡಿದವರಿಬ್ಬರೂ ಜಪಾನಿನವರು: ಒಕುಮುರಾ ತಕೇಶಿ ಮತ್ತು ಇತ್ಸುಜಾಕಿ ಯಾಸುನಾರಿ. ಗೆಲುವು ಒಕುಮುರಾ ಅವರದಾಯಿತು. 1995ರಲ್ಲಿ ಜರ್ಮನಿಯ ಆಲಿವರ್ ಓರ್ಟ್‌ಮನ್, 1996ರಲ್ಲಿ ಅದೇ ದೇಶದ ರಾಲ್ಫ್ ಸುಕೆ ಗೆದ್ದರು. 1997ರಲ್ಲಿ ಆರ್ಚರ್ ಎರಡನೆಯ ಸಲ ಪಟ್ಟ ಪಡೆದರು; 1998ರ ಫೈನಲ್‌ನಲ್ಲಿ ಜಪಾನಿನ ತಕಾಹಾಶಿ ಕುನಿಹಿಕೊ ಅವರಿಗೆ ಸೋತರು.

ಈ ಅವಧಿಯಲ್ಲಿ ಮಹಿಳೆಯರ ಪಂದ್ಯಗಳೂ ಜೊತೆಯಲ್ಲೇ ನಡೆಯುತ್ತಿದ್ದವು. ಮೊದಲ ಎರಡು ಪ್ರಶಸ್ತಿ ಅಮೆರಿಕದ ರಾಬಿನ್ ಬೆಲ್ ಅವರಿಗೆ ಸಂದವು. 1996ರಿಂದ 1998ರವರೆಗೆ ಸತತ ಮೂರು ವರ್ಷ ಗೆದ್ದು 2001ರಲ್ಲಿ ನಾಲ್ಕನೆಯದನ್ನೂ ಸೇರಿಸಿಕೊಂಡ ಆಲಿಸನ್ ಫಿಷರ್ ಇಂಗ್ಲೆಂಡಿನವರು. ಸ್ನೂಕರ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಅವರು 1990ರ ದಶಕದ ನಡುವೆ ಅಮೆರಿಕಕ್ಕೆ ಹೋಗಿ ಪೂಲ್ ಹಿಡಿದವರು. ಆ ಬಳಿಕ ಮಹಿಳೆಯರ ಪ್ರಶಸ್ತಿ ಬೇರೆಯದೇ ಪಂದ್ಯಾವಳಿಯಾಗಿ ಬೆಳೆಯಿತು. ಅದರ ಚರಿತ್ರೆಗೆ ಪ್ರತ್ಯೇಕ ಲೇಖನವೇ ಬೇಕು.

ಒಂದೇ ವರ್ಷ ಇಬ್ಬರು ಚಾಂಪಿಯನ್ನರು

ಬಾಕ್ಸಿಂಗ್ ಮತ್ತು ಸ್ನೂಕರ್ ಪ್ರಸಾರದಲ್ಲಿ ಪಳಗಿದ್ದ ಬ್ಯಾರಿ ಹರ್ನ್ ಅವರ ಮ್ಯಾಚ್‌ರೂಮ್ ಕಂಪನಿ 1994ರಲ್ಲಿ ಮಾಸ್ಕೊನಿ ಕಪ್ ಎಂಬ ಪಂದ್ಯಾವಳಿ ಆರಂಭಿಸಿ ಪೂಲ್ ಕ್ಷೇತ್ರಕ್ಕೆ ಕಾಲಿಟ್ಟಿತ್ತು. 1999ರಲ್ಲಿ ಅದು ವೇಲ್ಸ್‌ನ ಕಾರ್ಡಿಫ್‌ನಲ್ಲಿ ತನ್ನದೇ ವಿಶ್ವ ವೃತ್ತಿಪರ ಚಾಂಪಿಯನ್‌ಷಿಪ್ ನಡೆಸಿತು. ಡಬ್ಲ್ಯುಪಿಎ ಸುಮ್ಮನಿರಲಿಲ್ಲ, ಸ್ಪೇನ್‌ನ ಅಲಿಕಾಂತೆಯಲ್ಲಿ ತನ್ನ ಪಂದ್ಯಾವಳಿಯನ್ನೂ ನಡೆಸಿತು. ಅಲಿಕಾಂತೆಯಲ್ಲಿ ಗೆದ್ದವರು ಎಂಟು ವರ್ಷ ಹಿಂದೆ ಫೈನಲ್‌ನಲ್ಲಿ ಸೋತಿದ್ದ ನಿಕ್ ವಾರ್ನರ್. ಆದರೆ ಲೋಕದ ಕಣ್ಣು ಇದ್ದದ್ದು ಕಾರ್ಡಿಫ್ ಮೇಲೆ. ಅಲ್ಲಿ ಗೆದ್ದವರು ಫಿಲಿಪ್ಪೀನ್ಸಿನ ಎಫ್ರೆನ್ ರೆಯೆಸ್.

ರೆಯೆಸ್‌ಗೆ ಆಗ 44 ವರ್ಷ. 1985ರಲ್ಲಿ ಸೆಸರ್ ಮೊರಾಲೆಸ್ ಎಂಬ ಹುಸಿ ಹೆಸರಿನಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಘಟಾನುಘಟಿಗಳನ್ನು ಸೋಲಿಸಿ ಬಂದವರು, 1994ರಲ್ಲಿ ಪೂಲ್‌ನ ಯು.ಎಸ್. ಓಪನ್ ಗೆದ್ದ ಮೊದಲ ವಿದೇಶಿ. ಬಲ್ಲವರು ಅವರನ್ನು ‘ಮಾಂತ್ರಿಕ’ ಎಂದು ಕರೆಯತೊಡಗಿ ಬಹಳ ಕಾಲವಾಗಿತ್ತು. ಕಾರ್ಡಿಫ್‌ನ ಗೆಲುವು ಹೊಸದಾಗಿ ಮಾಡಿದ್ದು ಬೇರೆಯೇ ಕೆಲಸ. ಫಿಲಿಪ್ಪೀನ್ಸಿನ ಮನೆ ಮನೆಯ ಟಿ.ವಿ.ಗೆ ಅದು ಪೂಲ್ ಆಟವನ್ನು ತಂದಿತು. ಓಣಿಯ ಬಿಲಿಯರ್ಡ್ಸ್ ಅಂಗಡಿಗಳಲ್ಲಿ ಪಣಕ್ಕೆ ಆಡುತ್ತಿದ್ದ ಹುಡುಗರಿಗೆ ಇದೂ ಒಂದು ದಾರಿ ಎಂದು ತೋರಿಸಿತು. ಆ ದೇಶದಿಂದ ಮುಂದೆ ಸಾಲುಸಾಲಾಗಿ ಬಂದ ಚಾಂಪಿಯನ್ನರ ಬೇರು ಅಲ್ಲಿದೆ. ಅಧಿಕೃತ ದಾಖಲೆಯಲ್ಲಿ ವಾರ್ನರ್ ಮತ್ತು ರೆಯೆಸ್ ಇಬ್ಬರ ಹೆಸರೂ ಇದೆ. ಮರುವರ್ಷ ಎರಡು ಸಂಸ್ಥೆಗಳೂ ಕೈಜೋಡಿಸಿ, ಕಾರ್ಡಿಫ್ ಪಂದ್ಯಾವಳಿಯೇ ಏಕೈಕ ವಿಶ್ವ ಚಾಂಪಿಯನ್‌ಷಿಪ್ ಆಯಿತು.

ಕಾರ್ಡಿಫ್‌ನಿಂದ ಮನಿಲಾಕ್ಕೆ

ಫೈನಲ್ ಎಂದರೆ ಮೊದಲು 17 ರ‍್ಯಾಕ್ ಗೆಲ್ಲಬೇಕಿದ್ದ ದಿನಗಳು ಇವು. ಈ ಪಂದ್ಯಾವಳಿಯ ಅತ್ಯುತ್ತಮ ಕಾಲ ಇದೇ ಎಂದು ಹೇಳಲು ಅಡ್ಡಿಯಿಲ್ಲ. 2000ದಲ್ಲಿ ಚಾವೊ ಎರಡನೆಯ ಸಲ ಗೆದ್ದರು. 2001ರಲ್ಲಿ ಫಿನ್ಲೆಂಡಿನ ಮಿಕಾ ಇಮ್ಮೊನೆನ್, ಸುಕೆ ಅವರನ್ನು 17–10ರಿಂದ ಸೋಲಿಸಿದರು.

2002ರ ಫೈನಲ್ ಮರೆಯುವಂಥದ್ದಲ್ಲ. ಫಿಲಿಪ್ಪೀನ್ಸಿನ ಫ್ರಾನ್ಸಿಸ್ಕೊ ಬುಸ್ತಮಾಂತೆ ಪಂದ್ಯಾವಳಿಯ ನಡುವೆ ಇದ್ದಾಗ ಊರಿನಲ್ಲಿ ಅವರ ಹಸುಗೂಸು ಮಗಳು ತೀರಿಕೊಂಡಳು. ಅವರು ಆಟ ಬಿಡದೆ ಫೈನಲ್‌ವರೆಗೆ ಬಂದರು. ಎದುರಿಗೆ ನಿಂತದ್ದು ಹನ್ನೊಂದು ವರ್ಷಗಳಿಂದ ಈ ಪಟ್ಟ ಕಾಣದಿದ್ದ ಸ್ಟ್ರಿಕ್‌ಲೆಂಡ್. 17–15ರಿಂದ ಸ್ಟ್ರಿಕ್‌ಲೆಂಡ್ ಗೆದ್ದರು. ಅದು ಅವರ ಮೂರನೆಯ ಪಟ್ಟ, ಇವತ್ತಿಗೂ ಪುರುಷರ ದಾಖಲೆ. ಬುಸ್ತಮಾಂತೆ ಎಂಟು ವರ್ಷ ಕಾಯಬೇಕಾಯಿತು. 2010ರಲ್ಲಿ ದೋಹಾದಲ್ಲಿ, 46ನೇ ವಯಸ್ಸಿನಲ್ಲಿ, ಅವರು ಕೊನೆಗೂ ಚಾಂಪಿಯನ್ ಆದರು.

2003ರಲ್ಲಿ ಜರ್ಮನಿಯ ಟಾರ್ಸ್ಟನ್ ಹೋಮನ್ ಗೆದ್ದರು. ಅವರಿಗೆ ಸೋತಿದ್ದ ಅಲೆಕ್ಸ್ ಪಗುಲಾಯನ್ ಮರುವರ್ಷ ತೈಪೆಯಲ್ಲಿ ಪಟ್ಟಕ್ಕೇರಿದರು. 2005ರಲ್ಲಿ ತೈವಾನಿನ ಕಾವ್‌ಶುಂಗ್‌ನಲ್ಲಿ ವೂ ಚಿಯಾ-ಚಿಂಗ್ ತಮ್ಮ ನಾಡಿನವರೇ ಆದ ಕುವೊ ಪೊ-ಚೆಂಗ್ ಅವರನ್ನು 17–16ರಿಂದ ಮಣಿಸಿದಾಗ ಅವರಿಗೆ ಬರೀ 16 ವರ್ಷ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಬೇರಾರೂ ಇದನ್ನು ಗೆದ್ದಿಲ್ಲ. ಅದೇ ವರ್ಷ ಏಯ್ಟ್‌ಬಾಲ್ ವಿಶ್ವ ಪ್ರಶಸ್ತಿಯನ್ನೂ ಅವರು ಗೆದ್ದುಕೊಂಡರು. ಪಾಪ ಕುವೊ, 2010ರಲ್ಲಿ ಮತ್ತೆ ಫೈನಲ್ ತಲುಪಿ ಬುಸ್ತಮಾಂತೆಗೆ ಸೋತರು.

2006 ಮತ್ತು 2007ರಲ್ಲಿ ಪಂದ್ಯಾವಳಿ ಫಿಲಿಪ್ಪೀನ್ಸಿಗೇ, ಮನಿಲಾ ಮಹಾನಗರಕ್ಕೆ, ಬಂತು. ಮೊದಲ ವರ್ಷ ಮನೆಯ ಹುಡುಗ ರೊನಾಟೊ ಅಲ್ಕಾನೊ ಗೆದ್ದು ಜನರನ್ನು ಕುಣಿಸಿದರು. ಎರಡನೆಯ ವರ್ಷ ಕ್ವೆಜಾನ್ ಸಿಟಿಯ ಅರಾನೆಟಾ ಕೊಲಿಸಿಯಂನಲ್ಲಿ ಸ್ಥಳೀಯರಾದ ರೊಬರ್ಟೊ ಗೊಮೆಜ್ ಅವರನ್ನು 17–15ರಿಂದ ಸೋಲಿಸಿದ ಡ್ಯಾರಿಲ್ ಪೀಚ್ ಪುರುಷರ ಪಟ್ಟ ಪಡೆದ ಮೊದಲ ಇಂಗ್ಲಿಷ್ ಆಟಗಾರ. ಅದರ ನಂತರ ಎರಡು ವರ್ಷ ಪಂದ್ಯಾವಳಿಯೇ ನಡೆಯಲಿಲ್ಲ.

ದೋಹಾದ ಹತ್ತು ವರ್ಷ

2010ರಿಂದ 2019ರವರೆಗೆ ಕತಾರಿನ ದೋಹಾ ಈ ಪಂದ್ಯಾವಳಿಯನ್ನು ಸಾಕಿತು. ಫೈನಲ್ 13 ರ‍್ಯಾಕ್‌ಗೆ ಇಳಿಯಿತು, ಪ್ರೇಕ್ಷಕರ ಗದ್ದಲವೂ ಇಳಿಯಿತು. ಆಟದ ಮಟ್ಟವೇನೂ ಕುಸಿಯಲಿಲ್ಲ. 2012ರಲ್ಲಿ ಇಂಗ್ಲೆಂಡಿನ ಡ್ಯಾರೆನ್ ಆಪಲ್ಟನ್ ಚೀನಾದ ಲಿ ಹೆ-ವೆನ್ ಅವರನ್ನು 13–12ರಿಂದ ದಾಟಿದರು. 2013ರಲ್ಲಿ ಹೋಮನ್ ಸರಿಯಾಗಿ ಹತ್ತು ವರ್ಷದ ಬಳಿಕ ಮತ್ತೆ ಗೆದ್ದರು. ನೆದರ್‌ಲೆಂಡ್ಸ್‌ನ ನೀಲ್ಸ್ ಫೆಯೆನ್, ತೈವಾನಿನ ಕೊ ಪಿನ್-ಯಿ, ಆಸ್ಟ್ರಿಯಾದ ಆಲ್ಬಿನ್ ಔಷನ್, ಫಿಲಿಪ್ಪೀನ್ಸಿನ ಕಾರ್ಲೊ ಬಿಯಾಡೊ, ಜರ್ಮನಿಯ ಜೋಶುವಾ ಫಿಲರ್ ಒಬ್ಬರ ಹಿಂದೊಬ್ಬರು ಚಾಂಪಿಯನ್ ಆದರು. 2019ರಲ್ಲಿ ಗೆದ್ದ ರಷ್ಯಾದ ಫೆಡರ್ ಗಾರ್ಸ್ಟ್‌ಗೆ ಆಗ 19 ವರ್ಷ.

ಈ ದಶಕದ ದುರದೃಷ್ಟವಂತ ಅಮೆರಿಕದ ಶೇನ್ ವಾನ್ ಬೋನಿಂಗ್. ಹುಟ್ಟಿನಿಂದ ಕಿವಿ ಕೇಳಿಸದ ಈ ಆಟಗಾರ 2015 ಮತ್ತು 2016ರ ಎರಡೂ ಫೈನಲ್‌ಗಳಲ್ಲಿ ಸೋತರು. ಎರಡನೆಯದರಲ್ಲಿ ಔಷನ್ ಅವರಿಗೆ, 13–6ರ ಅಂತರದಿಂದ.

ಮತ್ತೆ ಮ್ಯಾಚ್‌ರೂಮ್

ಕೋವಿಡ್ ಕಾರಣದಿಂದ 2020ರಲ್ಲಿ ಪಂದ್ಯಾವಳಿ ನಡೆಯಲಿಲ್ಲ. 2021ರಲ್ಲಿ ಸಂಘಟನೆ ಮ್ಯಾಚ್‌ರೂಮ್ ಕೈಗೆ ಮರಳಿ, ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ಔಷನ್ ಎರಡನೆಯ ಸಲ ಗೆದ್ದರು. ಮರುವರ್ಷ ಅಲ್ಲಿಯೇ ಫೈನಲ್‌ನಲ್ಲಿ ಅವರಿಗೆ ಎದುರಾದದ್ದು ವಾನ್ ಬೋನಿಂಗ್. ಈ ಸಲವೂ ಅಂಕ 13–6. ಗೆದ್ದವರು ಮಾತ್ರ ವಾನ್ ಬೋನಿಂಗ್. ಸ್ಟ್ರಿಕ್‌ಲೆಂಡ್ ಗೆದ್ದ ಇಪ್ಪತ್ತು ವರ್ಷಗಳ ಮೇಲೆ ಅಮೆರಿಕಕ್ಕೆ ಪಟ್ಟ ಮರಳಿತು. 2023ರಲ್ಲಿ ಪೋಲೆಂಡಿನ ಕೀಲ್ಸೆಯಲ್ಲಿ ಸ್ಪೇನ್‌ನ ಫ್ರಾನ್ಸಿಸ್ಕೊ ಸಾಂಚೆಸ್ ರೂಯಿಸ್, ಸಿರಿಯಾದ ಮೊಹಮ್ಮದ್ ಸೂಫಿ ಅವರನ್ನು ಸೋಲಿಸಿದರು.

2024ರಿಂದ ಹತ್ತು ವರ್ಷಗಳ ಒಪ್ಪಂದದ ಮೇಲೆ ಪಂದ್ಯಾವಳಿ ಸೌದಿ ಅರೇಬಿಯಾದ ಜೆಡ್ಡಾಕ್ಕೆ ಹೋಗಿದೆ. ಒಟ್ಟು ಬಹುಮಾನ 10 ಲಕ್ಷ ಡಾಲರ್, ವಿಜೇತರಿಗೆ 2.5 ಲಕ್ಷ. ಈ ಪಂದ್ಯಾವಳಿಯಲ್ಲಿ ಇದು ಹಿಂದೆಂದೂ ಕಾಣದ ಮೊತ್ತ. ಫೈನಲ್ 15 ರ‍್ಯಾಕ್‌ಗೆ ಏರಿದ್ದೂ ಒಳ್ಳೆಯದೇ ಆಯಿತು. 2024ರಲ್ಲಿ, ಈಗ ಅಮೆರಿಕದ ಪರ ಆಡುವ ಗಾರ್ಸ್ಟ್, ಅಲ್ಬೇನಿಯಾದ ಎಕ್ಲೆಂಟ್ ಕಾಚಿ ವಿರುದ್ಧ 14–14ರಲ್ಲಿ ನಿಂತಿದ್ದ ಪಂದ್ಯವನ್ನು ಕೊನೆಯ ರ‍್ಯಾಕ್‌ನಲ್ಲಿ ಗೆದ್ದರು. ಇಬ್ಬರಿಗೂ ಒಂದೇ ರ‍್ಯಾಕ್ ಬಾಕಿ ಇರುವ ಈ ಸ್ಥಿತಿಗೆ ಆಟಗಾರರ ಮಾತಿನಲ್ಲಿ ‘ಹಿಲ್-ಹಿಲ್’ ಎಂದು ಹೆಸರು. 2025ರ ಫೈನಲ್‌ನಲ್ಲಿ ಬಿಯಾಡೊ 15–13ರಿಂದ ಗಾರ್ಸ್ಟ್ ಅವರ ಕೈಯಿಂದ ಪಟ್ಟ ಕಿತ್ತುಕೊಂಡು, ಎರಡು ಸಲ ಗೆದ್ದವರ ಸಾಲಿಗೆ ಸೇರಿದರು.

ಭಾರತ

ಸ್ನೂಕರ್ 1875ರ ಸುಮಾರಿಗೆ ಜಬಲ್ಪುರದ ಸೈನಿಕ ಮೆಸ್‌ನಲ್ಲಿ ಹುಟ್ಟಿ, ಊಟಿಯ ಕ್ಲಬ್‌ನಲ್ಲಿ ನಿಯಮ ಕಂಡ ಆಟ. ನಮ್ಮ ಕ್ಲಬ್‌ಗಳು ಬ್ರಿಟಿಷರ ಆ ಪರಂಪರೆಯನ್ನೇ ಹಿಡಿದು ಬಂದವು. ಬೆಂಗಳೂರಿನ ಪಂಕಜ್ ಅಡ್ವಾಣಿ 25ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿ ಗೆದ್ದಿರುವುದು ಬಿಲಿಯರ್ಡ್ಸ್ ಮತ್ತು ಸ್ನೂಕರ್‌ಗಳಲ್ಲಿ. ನಗರಗಳ ಪೂಲ್ ಪಾರ್ಲರ್‌ಗಳಲ್ಲಿ ಹುಡುಗರ ನೂಕುನುಗ್ಗಲಿದ್ದರೂ ಅವರು ಹೆಚ್ಚಾಗಿ ಆಡುವುದು ಏಯ್ಟ್‌ಬಾಲ್. ನೈನ್‌ಬಾಲ್ ವಿಶ್ವ ಪಟ್ಟವನ್ನು ಭಾರತೀಯರಾರೂ ಈವರೆಗೆ ಗೆದ್ದಿಲ್ಲ.