ವಿದುರಾಶ್ವತ್ಥದ ವೀರಸೌಧ

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ ನಾಗರಕಲ್ಲುಗಳ ಕ್ಷೇತ್ರವೆಂದೇ ಪ್ರಸಿದ್ಧ. ಉತ್ತರ ಪಿನಾಕಿನಿಯ ಬಳಿಯ ಇಲ್ಲಿನ ಅಶ್ವತ್ಥ ವೃಕ್ಷವನ್ನು ಮಹಾಭಾರತದ ವಿದುರನೇ ನೆಟ್ಟನೆಂಬುದು ಸ್ಥಳಪುರಾಣ. ಆ ಹಳೆಯ ಮರ 2001ರಲ್ಲಿ ಉರುಳಿತು. ಹರಕೆ ಹೊತ್ತವರು ಪ್ರತಿಷ್ಠಾಪಿಸಿದ ನಾಗರಕಲ್ಲುಗಳು ಉಳಿದಿವೆ. ಇದೇ ಊರಿನಲ್ಲಿ ಬೇರೆ ಬಗೆಯ ನೆನಪೊಂದನ್ನು ಕಾಯುತ್ತಿರುವುದು ವೀರಸೌಧ ಮತ್ತು ಹುತಾತ್ಮರ ಸ್ತೂಪ.

ಆ ನೆನಪು 1938ರದು. ಪ್ರಜಾಪಕ್ಷ ಮತ್ತು ಪ್ರಜಾಮಿತ್ರ ಮಂಡಳಿಗಳು ಒಂದುಗೂಡಿದ ಮೇಲೆ ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಲಗೊಂಡಿತ್ತು. ಮಹಾರಾಜರ ಧ್ವಜವಿರುವ ನಾಡಿನಲ್ಲಿ ಕಾಂಗ್ರೆಸ್ ಧ್ವಜ ಹಾರುವುದನ್ನು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ಒಪ್ಪಲಿಲ್ಲ. ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ನೇತೃತ್ವದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದರ ಕಾವು ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರನ್ನೂ ಮುಟ್ಟಿತು.

ಏಪ್ರಿಲ್ 25ರಂದು ನಿಷೇಧಾಜ್ಞೆಯನ್ನು ಲೆಕ್ಕಿಸದೆ ಜನ ವಿದುರಾಶ್ವತ್ಥದ ತೋಪಿನಲ್ಲಿ ಸೇರಿದರು. ಅವರಿಗೆ ಸಭಾಭವನವಿರಲಿಲ್ಲ, ಮರದ ನೆರಳೇ ಸೂರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಸುಮಾರು ಹತ್ತು ಮಂದಿ ಎಂದಿತು ಸರ್ಕಾರ. ಮೂವತ್ತಕ್ಕೂ ಹೆಚ್ಚು ಎಂದರು ಚಳವಳಿಗಾರರು. ವಿದುರಾಶ್ವತ್ಥಕ್ಕೆ ‘ದಕ್ಷಿಣದ ಜಲಿಯನ್‌ವಾಲಾಬಾಗ್’ ಎಂಬ ಹೆಸರು ಬಂದುದು ಹೀಗೆ. ಹೋಲಿಕೆ ಗುಂಡಿಗಷ್ಟೇ ಸೀಮಿತವಲ್ಲ. 1919ರ ಅಮೃತಸರದಲ್ಲೂ ಸರ್ಕಾರ 379 ಎಂದರೆ, ಕಾಂಗ್ರೆಸ್ ಸಾವಿರದ ಲೆಕ್ಕ ಹೇಳಿತ್ತು. ಎರಡೂ ಕಡೆ ಸತ್ತವರ ಎಣಿಕೆಯೇ ವಾದದ ವಿಷಯವಾಯಿತು.

ಘಟನೆಯ ವಿಚಾರಣೆಗೆ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಸಮಿತಿ ನೇಮಕವಾಯಿತು. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಸಂಸ್ಥಾನಕ್ಕೆ ಬಂದು ಮಾತುಕತೆ ನಡೆಸಿದರು. ಮೇ ತಿಂಗಳಲ್ಲಿ ಆದ ಮಿರ್ಜಾ-ಪಟೇಲ್ ಒಪ್ಪಂದದಿಂದ ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ದೊರೆಯಿತು. ಧ್ವಜ ಹಾರಿಸುವ ಹಕ್ಕೂ ಸಿಕ್ಕಿತು. ಆದರೆ ಜವಾಬ್ದಾರಿ ಸರ್ಕಾರಕ್ಕಾಗಿ 1947ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಆಗ ಮುಖ್ಯಮಂತ್ರಿಯಾದ ಕೆ.ಸಿ. ರೆಡ್ಡಿಯವರು ಇದೇ ಕೋಲಾರ ಜಿಲ್ಲೆಯವರು.

ಕನ್ನಡ ನಾಡಿಗೆ ಸತ್ತವರನ್ನು ಕಲ್ಲಿನಲ್ಲಿ ನೆನೆಯುವುದು ಹೊಸತಲ್ಲ. ತುರು ಕಾಯುತ್ತ, ಊರು ಕಾಯುತ್ತ ಮಡಿದವರಿಗೆ ವೀರಗಲ್ಲು ನಿಲ್ಲಿಸಿದ ನಾಡು ಇದು. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಹಂತ: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ವಿದುರಾಶ್ವತ್ಥದ ಸ್ಮಾರಕ ಅದೇ ಪರಂಪರೆಯ ಹೊಸ ರೂಪ. ಸ್ತೂಪ ಮಡಿದವರ ಗುರುತು. ಸೌಧದ ಚಿತ್ರಶಾಲೆ ಅವರು ಸೇರಿದ್ದ ದೊಡ್ಡ ಹೋರಾಟದ ಕಥೆ. ಒಂದು ವ್ಯತ್ಯಾಸವುಂಟು. ವೀರಗಲ್ಲಿನ ವೀರನ ಕೈಯಲ್ಲಿ ಆಯುಧವಿರುತ್ತದೆ. ಇಲ್ಲಿಯವರು ಏರಿಸಬಯಸಿದ್ದು ಬಾವುಟ.

ಆ ದಿನ ತೋಪಿನಲ್ಲಿದ್ದವರ ತಲೆಮಾರು ಬಹುಮಟ್ಟಿಗೆ ಮರೆಯಾಗಿದೆ. 2007ರಲ್ಲಿ ಜಿಲ್ಲೆಯೇ ಬೇರೆಯಾಗಿ ಗೌರಿಬಿದನೂರು ಚಿಕ್ಕಬಳ್ಳಾಪುರಕ್ಕೆ ಸೇರಿತು. ಕಂಡವರ ಬಾಯಿಮಾತು ನಿಂತ ಮೇಲೆ ಕಥೆ ಹೇಳಬೇಕಾದುದು ಕಟ್ಟಡವೇ. ನಾಗರಕಲ್ಲಿಗೆ ಅರಿಶಿನ ಕುಂಕುಮವಿಟ್ಟು ಬಂದವರು ಸೌಧದೊಳಗೂ ಒಂದು ಗಳಿಗೆ ನಿಂತರೆ, ಸರ್ಕಾರಿ ಲೆಕ್ಕದಲ್ಲಿ ಜಾಗ ಸಿಗದವರಿಗೂ ಜನರ ನೆನಪಿನಲ್ಲಿ ಜಾಗ ಸಿಕ್ಕೀತು.