ಚೀಲ ತಗಿಸಿದವರ ಲೆಕ್ಕ

ಮೈದುನನ ಮದವಿಗೆ ಉಂಡಿ ಕಟ್ಟಾಕ ಒಂಬತ್ತು ಮಂದಿ ಕುಂತಿದ್ವಿ. ಮಾತಿಗೆ ಮಾತು ಬಂದು ಎಣಿಸಿದ್ರ, ನಾಕು ಮಂದಿಗೆ ಗರ್ಭಚೀಲ ಇಲ್ಲ! ಅದರಾಗ ನಮ್ಮವ್ವ ಒಬ್ಬಾಕಿ, ದೊಡ್ಡ ನೆಗೆಣ್ಣಿ ಒಬ್ಬಾಕಿ. ಹಲ್ಲು ಕೀಳಿಸಿದಷ್ಟು ಸರಳ ಹೇಳ್ತೀವಿ ನೋಡ್ರಿ, "ಚೀಲ ತಗಿಸೇನಿ" ಅಂತ.

ಒಂದು ಕಾಲಕ್ಕ ಇದು ಜೀವಾ ತಗೊಳ್ಳೂ ಆಪರೇಷನ್. 1843ರಾಗ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಚಾರ್ಲ್ಸ್ ಕ್ಲೇ ಅನ್ನೋ ಡಾಕ್ಟರು ಹೊಟ್ಟಿ ಕೊಯ್ದು ಗರ್ಭಚೀಲ ತಗದ್ರು. ಅರಿವಳಿಕೆ ಇನ್ನೂ ಬಂದಿರಲಿಲ್ಲ, ಎಚ್ಚರ ಇದ್ದಾಗನ ಕೊಯ್ದದ್ದು. ಆಕಿ ಉಳೀಲಿಲ್ಲ. ಹತ್ತು ವರ್ಷದ ಮ್ಯಾಲೆ ಅಮೆರಿಕಾದ ಲೊವೆಲ್ ಊರಾಗ ವಾಲ್ಟರ್ ಬರ್ನಮ್ ಅನ್ನವರ ಕೈಯಾಗ ಒಬ್ಬಾಕಿ ಉಳದ್ಲು. ಅದೂ ತಪ್ಪಿ ಆದದ್ದು. ಓವರಿಯೊಳಗಿನ ನೀರುಗಡ್ಡಿ ಅಂತ ತಿಳದು ಹೊಟ್ಟಿ ಕೊಯ್ದಿದ್ರು. ಆಕಿಗೆ ವಾಂತಿ ಬಂದು ಗರ್ಭಚೀಲದ ಗಡ್ಡಿನ ಹೊರಗ ಬಂತು. ಒಳಗ ಸೇರಸಾಕ ಆಗಲಿಲ್ಲ, ಕೊಯ್ದು ತಗದ್ರು. ಆಮ್ಯಾಲೆ ಅವರು ಮಾಡಿದ 15 ಆಪರೇಷನ್ನಿನಾಗ ಬದುಕಿದವರು ಮೂರೇ ಮಂದಿ.

ಸ್ವಚ್ಛತೆ, ರಕ್ತ ಏರಸೂದು, ಸೋಂಕಿನ ಔಷಧ ಎಲ್ಲಾ ಬಂದ ಮ್ಯಾಲೆ ಸಾವು ಕಮ್ಮಿ ಆತು. ನಮ್ಮವ್ವಗ ಸಿಕ್ಕಿದ್ದು ಅದರ ಪುಣ್ಯ. ಗಡ್ಡಿ ಆಗಿ, ತಿಂಗಳಾಗ ಹದಿನೈದು ದಿನ ಹರಿದು, ರಕ್ತ 6ಕ್ಕ ಇಳಿದಿತ್ತು. ಗುಳಗಿ ನುಂಗಿ ನೋಡಿ, ಆಗದ ಮ್ಯಾಲೆ 46ಕ್ಕ ತಗಿಸಿದ್ಲು. ಓವರಿ ಹಂಗ ಬಿಟ್ರು. ಆರು ತಿಂಗಳಿಗೆ ಬುತ್ತಿ ಹೊತ್ತು ಹೊಲಕ್ಕ ಹೊಂಟ್ಲು.

ನೆಗೆಣ್ಣಿದು ಬ್ಯಾರೆ. 31ಕ್ಕ, ಬಿಳಿಮುಟ್ಟು ಅಂತ ತೋರಸಾಕ ಹೋದಾಕಿಗೆ ಒಂದು ಸ್ಕ್ಯಾನ್ ಮಾಡಿ "ಕ್ಯಾನ್ಸರ್ ಆಕ್ಕೈತಿ" ಅಂದ್ರು. ಗುಳಗಿಗೆ ಹೋಗೂ ಜಡ್ಡಿಗೆ ಎಮ್ಮಿ ಮಾರಿ ರೊಕ್ಕ ಕಟ್ಟಿದ್ರು. ಚೀಲದ ಜೋಡಿ ಎರಡೂ ಓವರಿ ಹೋಗ್ಯಾವ ಅಂತ ಗೊತ್ತಾಗಿದ್ದು ಏಳು ವರ್ಷಕ್ಕ, ಕೈ ಮುರಕೊಂಡು ಬ್ಯಾರೆ ದವಾಖಾನಿಗೆ ಹೋದಾಗ. ಓವರಿ ತಗದ್ರ ಮುಟ್ಟು ನಿಲ್ಲೂ ವಯಸ್ಸು ಅವತ್ತ ಬಂದಂಗ: ಮೈ ಉರಿ, ಎಲುಬು ಸವೆತ. ಅಮೆರಿಕಾದಾಗ ಸಾವಿರಾರು ನರ್ಸುಗಳನ್ನ ವರ್ಷಾನುಗಟ್ಟಲೆ ನೋಡಿದ ಅಧ್ಯಯನದಾಗ, ಓವರಿ ಉಳಿಸಿಕೊಂಡವರಿಗಿಂತ ತಗಿಸಿದವರಿಗೆ ಹೃದಯದ ಜಡ್ಡು ಹೆಚ್ಚು ಕಂಡಿತ್ತು.

ಆಕಿ ಒಬ್ಬಾಕಿನ ಅಲ್ಲ. ಕಲಬುರಗಿ ಕಡೆ ತಾಂಡಾದ ಹೆಣ್ಮಕ್ಕಳು ಇದನ್ನ ಹೇಳಾಕ ಬೀದಿಗಿಳಿದಿದ್ರು. 2023ರಾಗ ಸುಪ್ರೀಂ ಕೋರ್ಟು, ಅನಗತ್ಯ ಆಪರೇಷನ್ ತಡೆಯೂ ಮಾರ್ಗಸೂಚಿ ಮೂರು ತಿಂಗಳಾಗ ಜಾರಿಗೆ ತರ್ರಿ ಅಂತ ರಾಜ್ಯಗಳಿಗೆ ಹೇಳಿತು.

ಉಂಡಿ ಮುಗದ ಮ್ಯಾಲೆ ಸಣ್ಣ ನೆಗೆಣ್ಣಿ ತನ್ನ ಸ್ಕ್ಯಾನಿನ ಚೀಟಿ ತಂದ್ಲು. 33 ಆಕಿಗೆ. ಬರೂ ಸೋಮವಾರ ಆಪರೇಷನ್ ಅಂತ, ಯಾರಿಗೂ ಹೇಳಿರಲಿಲ್ಲ. ದೊಡ್ಡಾಕಿ ಚೀಟಿ ಇಸ್ಕೊಂಡು, "ಓವರಿ ಇಡ್ತಾರೋ ತಗೀತಾರೋ ಕೇಳೀಯೇನವಾ?" ಅಂದ್ಲು. ಕೇಳಿರಲಿಲ್ಲ. ಸೋಮವಾರ ಮೂರೂ ಮಂದಿ ಬ್ಯಾರೆ ಡಾಕ್ಟರ ಹತ್ರ ಹೊಂಟೇವಿ.